ಕರಾರಿನ ಆಲ್ಬಮ್: ಏಥಿಯಿಸ್ಟ್ ತಂಡದ ‘ಎಲಿಮೆಂಟ್ಸ್’ (1993)

ಟೆಕ್ನಿಕಲ್ ಡೆತ್ ಮೆಟಲ್ ಪ್ರಕಾರಕ್ಕೆ ಬುನಾದಿ ಹಾಕಿದ ತಂಡಗಳಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಏಥಿಯಿಸ್ಟ್ ಒಂದು. ಅದು ಚದುರಿಹೋಗುವ ಮುನ್ನ ಬಂದ ಕೊನೆಯ ಆಲ್ಬಮ್ ‘ಎಲಿಮೆಂಟ್ಸ್’. ಕಂಪನಿಯ ಕರಾರು ತೀರಿಸಲು ಮಾಡಿಕೊಟ್ಟದ್ದು ಎಂಬ ಹಣೆಪಟ್ಟಿ ಇದಕ್ಕೆ ಅಂಟಿದೆ. ಆ ಮಾತು ಸುಳ್ಳಲ್ಲ. ಆದರೆ ಆಲ್ಬಮ್ ಯಾಕೆ ಹುಟ್ಟಿತು ಎನ್ನುವುದಷ್ಟೇ ಅದರಿಂದ ತಿಳಿಯುತ್ತದೆ. ನಾದ ಯಾಕೆ ಹೀಗಾಯಿತು ಎಂದು ತಿಳಿಯಬೇಕಾದರೆ, ತಂಡದಲ್ಲಿ ಆಗ ಯಾರು ಉಳಿದಿದ್ದರು, ಯಾರು ಹೋಗಿದ್ದರು ಎಂದು ನೋಡಬೇಕು.

ಮೊದಲ ಆಲ್ಬಮ್ ‘ಪೀಸ್ ಆಫ್ ಟೈಮ್’ ಟ್ಯಾಂಪಾದ ಮಾರಿಸೌಂಡ್ ಸ್ಟುಡಿಯೋದಲ್ಲಿ ಸ್ಕಾಟ್ ಬರ್ನ್ಸ್ ಉಸ್ತುವಾರಿಯಲ್ಲಿ ಸಿದ್ಧವಾಯಿತು. ಹಾಡು ಮತ್ತು ಗಿಟಾರ್ ಕೆಲ್ಲಿ ಶೇಫರ್, ಇನ್ನೊಂದು ಗಿಟಾರ್ ರಾಂಡ್ ಬರ್ಕಿ, ಬಾಸ್ ರೋಜರ್ ಪ್ಯಾಟರ್ಸನ್, ಡ್ರಮ್ಸ್ ಸ್ಟೀವ್ ಫ್ಲಿನ್. 1991ರ ಫೆಬ್ರವರಿಯಲ್ಲಿ ಪ್ರವಾಸ ಮುಗಿಸಿ ಮರಳುವಾಗ ವಾಹನ ಅಪಘಾತದಲ್ಲಿ ಪ್ಯಾಟರ್ಸನ್ ತೀರಿಕೊಂಡರು. ಎರಡನೆಯ ಆಲ್ಬಮ್ಮಿನ ರಚನೆಗಳು ಆ ಹೊತ್ತಿಗೆ ಬಹುಪಾಲು ಸಿದ್ಧವಾಗಿದ್ದವು. ಸಿನಿಕ್ ತಂಡದ ಟೋನಿ ಚೋಯ್ ಬಂದು, ಪ್ಯಾಟರ್ಸನ್ ಕಟ್ಟಿಟ್ಟಿದ್ದ ಬಾಸ್ ಭಾಗಗಳನ್ನು ಕಲಿತು ನುಡಿಸಿದರು. ಅದೇ ‘ಅನ್‌ಕ್ವೆಶ್ಚನಬಲ್ ಪ್ರೆಸೆನ್ಸ್’ (1991). ಅದಾದ ಮೇಲೆ ಫ್ಲಿನ್ ಓದು ಮುಂದುವರಿಸಲು ಹೊರಟರು. 1992ರಲ್ಲಿ ತಂಡವೇ ನಿಂತಿತು.

ಕರಾರಿನ ಪ್ರಕಾರ ಇನ್ನೊಂದು ಆಲ್ಬಮ್ ಬಾಕಿಯಿತ್ತು. ಶೇಫರ್ ಮತ್ತೆ ಜನ ಕೂಡಿಸಿದರು. ಮಣಿಕಟ್ಟಿನ ನರದ ತೊಂದರೆಯಿಂದ ಅವರಿಗೆ ಗಿಟಾರ್ ಹಿಡಿಯುವುದು ಕಷ್ಟವಾಗಿತ್ತು. ಹಾಗಾಗಿ ಫ್ರ್ಯಾಂಕ್ ಎಮ್ಮಿ ಮೂರನೆಯ ಗಿಟಾರ್ ವಾದಕರಾಗಿ ಸೇರಿದರು. ಡ್ರಮ್ಸ್‌ಗೆ ಜಾಶ್ ಗ್ರೀನ್‌ಬಾಮ್ ಬಂದರು. ಬರೆಯುವುದು, ನುಡಿಸುವುದು, ರೆಕಾರ್ಡ್ ಮಾಡುವುದು ಎಲ್ಲ ಸೇರಿ ಸುಮಾರು 40 ದಿನಗಳಲ್ಲಿ ಮುಗಿಯಿತು ಎನ್ನುತ್ತಾರೆ.

ಈ ಸಲ ಚೋಯ್ ಮುಂದೆ ಸತ್ತವರು ಬಿಟ್ಟುಹೋದ ಸ್ವರಗಳಿರಲಿಲ್ಲ. ತಮ್ಮದನ್ನೇ ನುಡಿಸುವ ಅವಕಾಶವಿತ್ತು. ಲ್ಯಾಟಿನ್ ಸಂಗೀತದ ಒಲವು ಹಿಂದಿನ ಆಲ್ಬಮ್ಮಿನಲ್ಲೂ ಇಣುಕುತ್ತದೆ, ಇಲ್ಲಿ ಅದು ಬಾಗಿಲು ತೆರೆದು ಒಳಗೇ ಬಂದಿದೆ. ಒಟ್ಟು 12 ತುಣುಕುಗಳಲ್ಲಿ ನಾಲ್ಕು ಚಿಕ್ಕ ವಾದ್ಯಭಾಗಗಳು. ಮೂರನೆಯದಾದ ‘ಸಾಂಬಾ ಬ್ರಿಜಾ’ ಪಿಯಾನೊ ಮುಂದಿಟ್ಟುಕೊಂಡ ಅಪ್ಪಟ ಸಾಂಬಾ. ಡೆತ್ ಮೆಟಲ್ ಕೇಳಲು ಕೂತವರು ಬೇರೆ ಯಾರದೋ ಆಲ್ಬಮ್ ಹಾಕಿದೆವೇನೋ ಎಂದುಕೊಂಡರೆ ಆಶ್ಚರ್ಯವಿಲ್ಲ! ಉಳಿದ ಹಾಡುಗಳಲ್ಲಿ ಬಹುಪಾಲಿಗೆ ನೀರು, ಗಾಳಿ, ಬೆಂಕಿ, ಭೂಮಿ, ಪ್ರಾಣಿ, ಖನಿಜಗಳ ಹೆಸರು. ದೆವ್ವ, ರಕ್ತ, ಹೆಣಗಳೇ ವಸ್ತುವಾಗಿದ್ದ ಪ್ರಕಾರದಲ್ಲಿ ಇದು ಬೇರೆಯೇ ದಾರಿ.

ಚಿಕ್ಕ ವಾದ್ಯಭಾಗಗಳನ್ನು ಜಾಗ ತುಂಬಿಸುವ ಉಪಾಯ ಎನ್ನಬಹುದು. ಒಂದೆರಡು ಕಡೆ ನನಗೂ ಹಾಗೇ ಅನ್ನಿಸುತ್ತದೆ. ಫ್ಲಿನ್ ಅವರ ಕ್ಷಣಕ್ಷಣಕ್ಕೂ ಮುರಿಯುವ, ತಿರುಗುವ ಲಯವೂ ಇಲ್ಲಿಲ್ಲ. ಗ್ರೀನ್‌ಬಾಮ್ ಲಯ ಹೆಚ್ಚು ನೇರ, ಹೆಚ್ಚು ಸಡಿಲ. ಆದರೆ ಬಾಸ್ ಓಡಾಡಲು ಜಾಗ ಸಿಕ್ಕಿದ್ದೂ ಆ ಸಡಿಲದಿಂದಲೇ. 1993ರಲ್ಲೇ ಸಿನಿಕ್ ತಂಡದ ‘ಫೋಕಸ್’, ಡೆತ್ ತಂಡದ ‘ಇಂಡಿವಿಜುವಲ್ ಥಾಟ್ ಪ್ಯಾಟರ್ನ್ಸ್’ ಬಂದವು. ಫ್ಲಾರಿಡಾದ ವಾದಕರು ಜಾಝ್ ಕಡೆಗೆ ವಾಲುತ್ತಿದ್ದ ಆ ವರ್ಷದ ಸಾಲಿನಲ್ಲಿ ‘ಎಲಿಮೆಂಟ್ಸ್’ ಇಟ್ಟು ಕೇಳಿದರೆ ಅದು ಅವಸರದ ಬಾಕಿ ಪಾವತಿಯಾಗಿ ಕೇಳಿಸುವುದಿಲ್ಲ. ‘ಅನ್‌ಕ್ವೆಶ್ಚನಬಲ್ ಪ್ರೆಸೆನ್ಸ್’ ಎತ್ತರಕ್ಕೆ ಇದು ಏರುವುದಿಲ್ಲ, ನಿಜ. ಅದು ಸಂಯೋಜನೆಯ ಕೊರತೆ; ಅದನ್ನು ಕರಾರಿನ ತಲೆಗೆ ಕಟ್ಟುವುದು ಸರಿಯಲ್ಲ.

2006ರಲ್ಲಿ ತಂಡ ಮತ್ತೆ ಒಂದಾಯಿತು. ಮುಂದಿನ ಆಲ್ಬಮ್ ‘ಜೂಪಿಟರ್’ ಬಂದದ್ದು 2010ರಲ್ಲಿ. ಅದರಲ್ಲಿ ಫ್ಲಿನ್ ಡ್ರಮ್ಸ್‌ಗೆ ಮರಳಿದ್ದರು, ಚೋಯ್ ಇರಲಿಲ್ಲ. ಸಾಂಬಾ ಕೂಡ ಇರಲಿಲ್ಲ.