ನೀಹಾರಿಕೆಯ ಎರಡು ಚಿತ್ರಗಳು

ಮಾಗಿಯ ಇರುಳಿನಲ್ಲಿ ಬಾನನ್ನು ನೋಡುವ ಅಭ್ಯಾಸವುಳ್ಳವರಿಗೆ ಮಹಾವ್ಯಾಧನು ಅಪರಿಚಿತನಲ್ಲ. ಅವನ ನಡುಪಟ್ಟಿಯ ಮೂರು ತಾರೆಗಳಿಂದ ಇಳಿಬಿದ್ದಿರುವ ಕತ್ತಿಯ ನಡುವೆ ಒಂದು ಚುಕ್ಕಿ ಮಾತ್ರ, ಉಳಿದವುಗಳಂತೆ ಚೂಪಾಗಿ ಮಿನುಗದೆ, ಉಸಿರು ತಾಗಿದ ಕನ್ನಡಿಯ ಹಾಗೆ ಮಸುಕಾಗಿ ತೋರುತ್ತದೆ. ಅದು ನಕ್ಷತ್ರವಲ್ಲ, ನೀಹಾರಿಕೆ. ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿ ಹಬ್ಬಿರುವ ಅನಿಲ ಮತ್ತು ಧೂಳಿನ ಮೋಡ. ಹೊಸ ತಾರೆಗಳು ಹುಟ್ಟುತ್ತಿರುವ ಸೂತಿಕಾಗೃಹ. ಇದರ ಎರಡು ಬಗೆಯ ಚಿತ್ರಗಳು ಇಂದು ನಮಗೆ ದೊರೆಯುತ್ತವೆ. ತಾರಸಿಯ ಮೇಲೋ ಹೊಲದ ಅಂಚಿನಲ್ಲೋ ಪುಟ್ಟ ದೂರದರ್ಶಕವನ್ನು ನಿಲ್ಲಿಸಿ ಹವ್ಯಾಸಿಯೊಬ್ಬನು ತೆಗೆದದ್ದು ಒಂದು. ವಾಯುಮಂಡಲದಾಚೆ ಭೂಮಿಯನ್ನು ಸುತ್ತುತ್ತಿರುವ ಹಬಲ್ ದೂರದರ್ಶಕವು ತೆಗೆದದ್ದು ಇನ್ನೊಂದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ, ಎರಡನೆಯದು ಇರುವಾಗ ಮೊದಲನೆಯದು ಏತಕ್ಕೆ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಚರಿತ್ರೆಯನ್ನು ಕೆದಕಿದರೆ ಈ ಪ್ರಶ್ನೆಯ ಮುಖವೇ ಬದಲಾಗುತ್ತದೆ.

ನೀಹಾರಿಕೆಗಳ ಛಾಯಾಗ್ರಹಣವನ್ನು ಆರಂಭಿಸಿದವರೇ ಹವ್ಯಾಸಿಗಳು. ಅದಕ್ಕೆ ಮುನ್ನ ಇದ್ದದ್ದು ಕೈಬರಹದ ಚಿತ್ರಗಳು. ಜಾನ್ ಹರ್ಷೆಲನಂಥ ನಿಷ್ಣಾತರು ದೂರದರ್ಶಕದಲ್ಲಿ ಕಣ್ಣಿಟ್ಟು, ಕಂಡದ್ದನ್ನು ಕಾಗದದ ಮೇಲೆ ಇಳಿಸುತ್ತಿದ್ದರು. ಒಬ್ಬನ ಚಿತ್ರಕ್ಕೂ ಮತ್ತೊಬ್ಬನ ಚಿತ್ರಕ್ಕೂ ಹೊಂದಿಕೆಯಾಗುತ್ತಿರಲಿಲ್ಲ. ಬದಲಾದದ್ದು ನೀಹಾರಿಕೆಯೋ ಚಿತ್ರಕಾರನ ಕೈಯೋ ಎಂದು ವಿದ್ವಾಂಸರು ವಾದಿಸುತ್ತಿದ್ದರು. ಈ ಗೊಂದಲದ ನಡುವೆ, 1880ರ ಸೆಪ್ಟೆಂಬರ್ 30ರ ರಾತ್ರಿ, ನ್ಯೂಯಾರ್ಕಿನ ಬಳಿಯ ಹೇಸ್ಟಿಂಗ್ಸ್ ಎಂಬಲ್ಲಿ, ವೈದ್ಯಶಾಸ್ತ್ರ ಓದಿದ್ದ ಹೆನ್ರಿ ಡ್ರೇಪರನು ತನ್ನ ಸ್ವಂತ ವೀಕ್ಷಣಾಲಯದ 11 ಅಂಗುಲದ ದೂರದರ್ಶಕಕ್ಕೆ ಫಲಕವನ್ನು ಜೋಡಿಸಿ, 51 ನಿಮಿಷಗಳ ಕಾಲ ಅದನ್ನು ಮಹಾವ್ಯಾಧನ ನೀಹಾರಿಕೆಗೆ ಒಡ್ಡಿದನು. ಜಗತ್ತಿನಲ್ಲಿ ನೀಹಾರಿಕೆಯೊಂದರ ಮೊತ್ತಮೊದಲ ಛಾಯಾಚಿತ್ರ ಅದು. ಎರಡೇ ವರ್ಷಗಳಲ್ಲಿ, ಇನ್ನೂ 45ರ ಪ್ರಾಯದಲ್ಲಿ, ಡ್ರೇಪರನು ತೀರಿಕೊಂಡನು.

ಆ ಕೆಲಸವನ್ನು ಮುಂದಕ್ಕೊಯ್ದವನು ಇಂಗ್ಲೆಂಡಿನ ಆಂಡ್ರ್ಯೂ ಕಾಮನ್. ಇವನ ವೃತ್ತಿ ನೈರ್ಮಲ್ಯದ ಎಂಜಿನಿಯರಿಕೆ. ಹಗಲು ಚರಂಡಿ ಕೊಳಾಯಿಗಳ ಲೆಕ್ಕಾಚಾರ, ಇರುಳು ನಕ್ಷತ್ರಲೋಕ! ಲಂಡನ್ನಿನ ಪಕ್ಕದ ಈಲಿಂಗಿನಲ್ಲಿ, ತನ್ನ ಮನೆಯ ತೋಟದಲ್ಲಿ ನಿಲ್ಲಿಸಿದ್ದ 36 ಅಂಗುಲದ ದರ್ಪಣ ದೂರದರ್ಶಕದಿಂದ 1883ರ ಜನವರಿ 30ರಂದು ಅವನು 37 ನಿಮಿಷಗಳಲ್ಲಿ ತೆಗೆದ ಚಿತ್ರದಲ್ಲಿ, ಅದೇ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದವರಿಗೂ ಕಾಣದಿದ್ದ ತಾರೆಗಳು ಮೂಡಿದ್ದವು. ಇದರ ಮಹತ್ವವನ್ನು ತುಸು ನಿಂತು ಗ್ರಹಿಸಬೇಕು. ನಮ್ಮ ಕಣ್ಣು ಬೆಳಕನ್ನು ಕೂಡಿಡಲಾರದು. ಈ ಕ್ಷಣ ಬಂದದ್ದನ್ನು ಕಂಡು ಮರುಕ್ಷಣಕ್ಕೆ ಬರಿದಾಗುತ್ತದೆ. ಫಲಕವಾದರೋ ಜಿಪುಣನಂತೆ ಹನಿಹನಿಯಾಗಿ ಸಂಗ್ರಹಿಸುತ್ತದೆ. ಅಂದಿನವರೆಗೆ ಕಂಡದ್ದಕ್ಕೆ ಸಾಕ್ಷಿಯಷ್ಟೇ ಆಗಿದ್ದ ಛಾಯಾಚಿತ್ರವು ಅಂದಿನಿಂದ ಕಾಣದ್ದನ್ನು ಕಾಣುವ ಸಾಧನವಾಯಿತು. ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯು 1884ರಲ್ಲಿ ಅವನಿಗೆ ಸುವರ್ಣ ಪದಕವನ್ನಿತ್ತು ಗೌರವಿಸಿತು. ಅವನು ಮಾರಿದ ಆ ದೂರದರ್ಶಕವು ಕೈಬದಲಾಗಿ 1895ರಲ್ಲಿ ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯವನ್ನು ಸೇರಿತು. ವೃತ್ತಿಪರ ಖಗೋಳಜ್ಞನಾದ ಜೇಮ್ಸ್ ಕೀಲರನು ನೀಹಾರಿಕೆಗಳ ತನ್ನ ಪ್ರಸಿದ್ಧ ಚಿತ್ರಗಳನ್ನು ತೆಗೆದದ್ದು ಹವ್ಯಾಸಿಯ ಈ ತೋಟದ ದೂರದರ್ಶಕದಿಂದಲೇ.

ಆಮೇಲಿನದು ದೊಡ್ಡ ವೀಕ್ಷಣಾಲಯಗಳ ಯುಗ. ಸರಕಾರ ಮತ್ತು ಸಿರಿವಂತರ ಹಣದಿಂದ ಬೆಟ್ಟದ ನೆತ್ತಿಗಳಲ್ಲಿ ಮಹಾದರ್ಪಣಗಳು ನಿಂತವು. ಹವ್ಯಾಸಿಯು ಬದಿಗೆ ಸರಿದನು. 1990ರ ಏಪ್ರಿಲ್‌ನಲ್ಲಿ 2.4 ಮೀಟರ್ ದರ್ಪಣದ ಹಬಲ್ ಆಕಾಶಕ್ಕೇರಿತು. ದರ್ಪಣದ ದೋಷವನ್ನು 1993ರ ಡಿಸೆಂಬರಿನಲ್ಲಿ ಸರಿಪಡಿಸಿದ ಮೇಲೆ ಅದರ ನೋಟಕ್ಕೆ ಎದುರಿಲ್ಲದಾಯಿತು. ಗಾಳಿಯ ನಡುಕದಿಂದಾಗಿ ನೆಲದ ಮೇಲಿನ ಹವ್ಯಾಸಿಗೆ ಸಾಮಾನ್ಯವಾಗಿ ಒಂದೆರಡು ವಿಕಲೆಗಿಂತ ಸೂಕ್ಷ್ಮವಾದದ್ದು ಕಾಣದು. ಹಬಲ್ಲಿಗೆ ಒಂದು ವಿಕಲೆಯ ಇಪ್ಪತ್ತನೆಯ ಒಂದು ಭಾಗದಷ್ಟು ಸಣ್ಣದೂ ಕಾಣುತ್ತದೆ. ಮಹಾವ್ಯಾಧನ ನೀಹಾರಿಕೆಯೊಳಗೆ ಎಳೆಯ ತಾರೆಗಳನ್ನು ಸುತ್ತುವರಿದ ಧೂಳಿನ ತಟ್ಟೆಗಳನ್ನು, ಎಂದರೆ ಮುಂದೆ ಗ್ರಹಗಳಾಗಬಹುದಾದ ದ್ರವ್ಯವನ್ನು, ಅದು ತೋರಿಸಿಕೊಟ್ಟಿತು. ಯಾವ ತಾರಸಿಯಿಂದಲೂ ಇದು ಸಾಧ್ಯವಿರಲಿಲ್ಲ.

ಇನ್ನು ಬಣ್ಣದ ವಿಚಾರ. ಜನ ಮೋಸಹೋಗುವುದು ಇಲ್ಲಿಯೇ. ಸರ್ಪ ನಕ್ಷತ್ರಪುಂಜದ ಹದ್ದು ನೀಹಾರಿಕೆಯಲ್ಲಿರುವ ‘ಸೃಷ್ಟಿಸ್ತಂಭ’ಗಳ ಚಿತ್ರವನ್ನು ಹಬಲ್ 1995ರ ಏಪ್ರಿಲ್ 1ರಂದು ತೆಗೆಯಿತು. ಅದರ ಹೊಂಬಣ್ಣವೂ ಕಡಲನೀಲಿಯೂ ಲೋಕವನ್ನೇ ಮರುಳುಮಾಡಿದವು. ವಾಸ್ತವವಾಗಿ ಹಬಲ್ ಗ್ರಹಿಸಿದ್ದು ಮೂರು ಧಾತುಗಳ ಬೆಳಕನ್ನು ಬೇರೆ ಬೇರೆಯಾಗಿ. ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸುರು, ಆಮ್ಲಜನಕಕ್ಕೆ ನೀಲಿ ಎಂದು ಬಣ್ಣ ಹಚ್ಚಿದವರು ವಿಜ್ಞಾನಿಗಳಾದ ಜೆಫ್ ಹೆಸ್ಟರ್ ಮತ್ತು ಪಾಲ್ ಸ್ಕೋವೆನ್. ಗಂಧಕ, ಜಲಜನಕ ಎರಡರ ಬೆಳಕೂ ನಿಜದಲ್ಲಿ ಕೆಂಪೇ. ಹಾಗೆಯೇ ಬಿಟ್ಟರೆ ಒಂದರಲ್ಲೊಂದು ಕಲೆತುಹೋಗುತ್ತಿದ್ದವು. ಇದು ಸುಳ್ಳಲ್ಲ, ಭೂಪಟದಲ್ಲಿ ರಾಜ್ಯಗಳಿಗೆ ಬೇರೆ ಬೇರೆ ಬಣ್ಣ ತುಂಬುವುದು ಹೇಗೆ ಸುಳ್ಳಲ್ಲವೋ ಹಾಗೆ. ಆದರೆ ಅಲ್ಲಿಗೇ ಹೋಗಿ ನಿಂತರೂ ನಮ್ಮ ಕಣ್ಣಿಗೆ ಆ ವರ್ಣವೈಭವ ಕಾಣದು. ಮಂದ ಬೆಳಕಿನಲ್ಲಿ ಬಣ್ಣವನ್ನು ಗುರುತಿಸುವ ಶಕ್ತಿ ಅದಕ್ಕಿಲ್ಲ. ಇಂದಿನ ಹವ್ಯಾಸಿಗಳು ಇವೇ ಮೂರು ಬೆಳಕುಗಳ ಶೋಧಕಗಳನ್ನು ಬಳಸಿ, ಇದೇ ಕ್ರಮದಲ್ಲಿ ಬಣ್ಣ ಹಚ್ಚುತ್ತಾರೆ. ನನಗೆ ಇದೊಂದು ಅನುಕರಣೆಯ ಚಟವೆಂದು ತೋರುತ್ತದೆ. ಜಲಜನಕದ ಸಹಜವಾದ ಕೆಂಪನ್ನೇ ಉಳಿಸಿಕೊಂಡವರ ಚಿತ್ರಗಳು ನನಗೆ ಹೆಚ್ಚು ಪ್ರಿಯ.

ಸೂಕ್ಷ್ಮತೆಯಲ್ಲಿ ಸೋತ ಹವ್ಯಾಸಿಗೆ ವಿಸ್ತಾರದಲ್ಲಿ ಗೆಲುವಿದೆ. ಹಬಲ್ಲಿನ ಅಗಲನೋಟದ ಕ್ಯಾಮರಾಕ್ಕೂ ಒಮ್ಮೆಗೆ ಕಾಣುವುದು ಚಂದ್ರಬಿಂಬದ ಅಗಲದ ಒಂಬತ್ತನೆಯ ಒಂದು ಪಾಲು ಮಾತ್ರ. 2006ರಲ್ಲಿ ಪ್ರಕಟವಾದ ಮಹಾವ್ಯಾಧನ ಚಿತ್ರಕ್ಕಾಗಿ 520 ಬಿಡಿಚಿತ್ರಗಳನ್ನು ಹೊಲಿಯಬೇಕಾಯಿತು. ಪುಟ್ಟ ದೂರದರ್ಶಕವೋ ಇಡೀ ನೀಹಾರಿಕೆಯನ್ನು ಅದರ ನೆರೆಹೊರೆಯೊಡನೆ ಒಂದೇ ನೋಟಕ್ಕೆ ತುಂಬಿಕೊಳ್ಳುತ್ತದೆ. ಹವ್ಯಾಸಿಗೆ ಇನ್ನೊಂದು ಸಿರಿಯೂ ಉಂಟು: ವೇಳೆ. ಹಬಲ್ಲಿನ ಒಂದೊಂದು ಗಂಟೆಗೂ ಜಗತ್ತಿನ ಖಗೋಳಜ್ಞರು ಸಾಲುಗಟ್ಟಿರುತ್ತಾರೆ. ಹವ್ಯಾಸಿಯ ರಾತ್ರಿಗಳನ್ನು ಕೇಳುವವರಿಲ್ಲ. ನೂರಕ್ಕೂ ಹೆಚ್ಚು ವರ್ಷಗಳಿಂದ ಎಲ್ಲರೂ ಚಿತ್ರ ತೆಗೆಯುತ್ತ ಬಂದಿದ್ದ ದೇವಯಾನಿಯ ಪಕ್ಕದಲ್ಲಿ, ಮೂರು ಚಂದ್ರಬಿಂಬಗಳಷ್ಟು ಉದ್ದದ ಆಮ್ಲಜನಕದ ಕಮಾನೊಂದು ಹೊಳೆಯುತ್ತಿರುವುದನ್ನು ಡ್ರೆಕ್ಸ್‌ಲರ್, ಸ್ಟ್ರಾಟ್ನರ್, ಸೇಂಟಿ ಮೊದಲಾದ ಹವ್ಯಾಸಿಗಳು ನೂರಕ್ಕೂ ಮಿಕ್ಕಿದ ಗಂಟೆಗಳ ಬೆಳಕನ್ನು ಕೂಡಿಹಾಕಿ ಕಂಡುಹಿಡಿದು, 2023ರಲ್ಲಿ ಪ್ರಕಟಿಸಿದರು. ಅದು ದೇವಯಾನಿಗೆ ಸೇರಿದ್ದೋ ನಮ್ಮ ಆಕಾಶಗಂಗೆಯದೋ ಎಂಬ ಜಿಜ್ಞಾಸೆ ಆ ಬಳಿಕ ಶಾಸ್ತ್ರಜ್ಞರಲ್ಲಿ ಎದ್ದಿತು.

ಮಹಾವ್ಯಾಧನಲ್ಲಿಯೇ ಇನ್ನೊಂದು ಪ್ರಸಂಗ ನಡೆದಿದೆ. 2004ರ ಜನವರಿಯಲ್ಲಿ ಅಮೆರಿಕದ ಕೆಂಟಕಿಯ ಜೇ ಮೆಕ್‌ನೀಲ್ ಎಂಬ ಹವ್ಯಾಸಿ ತಮ್ಮ ಮನೆಯಂಗಳದಿಂದ 3 ಅಂಗುಲದ ದೂರದರ್ಶಕದಲ್ಲಿ ತೆಗೆದ ಚಿತ್ರದಲ್ಲಿ, ಯಾವ ಪಟದಲ್ಲಿಯೂ ಇಲ್ಲದ ಪುಟ್ಟ ಬೀಸಣಿಗೆಯಂಥ ನೀಹಾರಿಕೆಯೊಂದು ಮೂಡಿತ್ತು. ಎಳೆಯ ತಾರೆಯೊಂದು ತಟಕ್ಕನೆ ಪ್ರಜ್ವಲಿಸಿ, ತನ್ನ ಸುತ್ತಣ ಧೂಳನ್ನು ಬೆಳಗಿಸಿದ್ದಿತು. ಸುದ್ದಿ ಹರಡಿದ ಕೆಲವೇ ದಿನಗಳಲ್ಲಿ ಮಹಾದೂರದರ್ಶಕಗಳೆಲ್ಲ ಅತ್ತ ತಿರುಗಿದವು. ಹಳೆಯ ಚಿತ್ರಗಳನ್ನು ಹುಡುಕಿದಾಗ, 1966ರಲ್ಲಿ ಮತ್ತೊಬ್ಬ ಹವ್ಯಾಸಿ ತೆಗೆದದ್ದರಲ್ಲಿ ಅದೇ ಬೀಸಣಿಗೆ ಕಾಣಿಸಿತು. ಅಂದು ಯಾರೂ ಗಮನಿಸಿರಲಿಲ್ಲ. ಈಗ ಮೆಕ್‌ನೀಲರ ಹೆಸರಿನಿಂದ ಕರೆಯಲಾಗುವ ಆ ನೀಹಾರಿಕೆ 2006ರ ಹೊತ್ತಿಗೆ ಮಂಕಾಗಿ, 2008ರಲ್ಲಿ ಮತ್ತೆ ಬೆಳಗಿ, 2018ರಲ್ಲಿ ಪುನಃ ಮರೆಯಾಯಿತು. ಅದು ಮತ್ತೆ ಹೊತ್ತಿಕೊಳ್ಳುವುದನ್ನು ಕಾಯುತ್ತ ಹಲವರು ಚಳಿಗಾಲದ ರಾತ್ರಿಗಳಲ್ಲಿ ತಮ್ಮ ಪುಟ್ಟ ದೂರದರ್ಶಕಗಳನ್ನು ಆ ಕಡೆಗೆ ತಿರುಗಿಸುತ್ತಿರುತ್ತಾರೆ.