ಮನೆ ನಿರ್ಮಾಣ ಸ್ಥಳದ ಅಪಾಯಗಳು: ಗುರುತಿಸುವಿಕೆ ಮತ್ತು ನಿಯಂತ್ರಣ – ಕಟ್ಟಡ ಮಾಲೀಕರಿಗೆ ಮಾಹಿತಿ

ಕಟ್ಟಡ ಪರವಾನಗಿಗಾಗಿ ಕಚೇರಿಗೆ ಬರುವ ಅರ್ಜಿದಾರರು ಖಾತಾ ನಕಲು, ತೆರಿಗೆ ರಸೀದಿ, ನಕ್ಷೆಯ ಪ್ರತಿಗಳು ಹಾಗೂ ಶುಲ್ಕದ ಬಗ್ಗೆ ವಿವರವಾಗಿ ವಿಚಾರಿಸುತ್ತಾರೆ. ಪರವಾನಗಿ ದೊರೆತು, ಪಾಯ ಅಗೆಯಲು ಜೆಸಿಬಿ ಯಂತ್ರ ನಿವೇಶನಕ್ಕೆ ಇಳಿದ ದಿನದಿಂದ ಎದುರಾಗುವ ಅಪಾಯಗಳ ಬಗ್ಗೆ ವಿಚಾರಿಸುವವರು ವಿರಳ. ಮೇಸ್ತ್ರಿ ಅಥವಾ ಸಣ್ಣ ಗುತ್ತಿಗೆದಾರರ ಮೂಲಕ ವಾಸದ ಮನೆ ಅಥವಾ ಕೆಲವೇ ಅಂತಸ್ತುಗಳ ಕಟ್ಟಡ ಕಟ್ಟಿಸುವ ಮಾಲೀಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ಬೃಹತ್ ಕಾಮಗಾರಿಗಳಲ್ಲಿ ಸುರಕ್ಷತಾ ಅಧಿಕಾರಿಗಳು ನಿಯೋಜನೆಗೊಂಡಿರುತ್ತಾರೆ. 30×40 ಅಡಿ ನಿವೇಶನದಲ್ಲಿ ಅಂತಹ ಅಧಿಕಾರಿ ಇರುವುದಿಲ್ಲ. ಏಣಿ ಅಲುಗಾಡುತ್ತಿದೆಯೇ, ಗುಂಡಿಯ ಅಂಚು ಬಿರುಕು ಬಿಟ್ಟಿದೆಯೇ ಎಂದು ನೋಡಲು ಮಾಲೀಕರು, ಮೇಸ್ತ್ರಿ ಮತ್ತು ಮೇಲ್ವಿಚಾರಣೆಯ ಎಂಜಿನಿಯರ್ ಹೊರತು ಬೇರೆ ಯಾರೂ ಅಲ್ಲಿರುವುದಿಲ್ಲ.

ಒಪ್ಪಂದದಲ್ಲಿ ನಮೂದಾಗದ ಬಾಬುಗಳು

ಮನೆ ಕಟ್ಟುವ ಒಪ್ಪಂದಗಳು ಸಾಮಾನ್ಯವಾಗಿ ಚದರಡಿ ದರದ ಮೇಲೆ ಏರ್ಪಡುತ್ತವೆ. ಸಿಮೆಂಟಿನ ಹೆಸರು, ಕಬ್ಬಿಣದ ದರ್ಜೆ, ಟೈಲ್ಸ್ ದರ, ನಲ್ಲಿಗಳ ಕಂಪನಿ ಎಲ್ಲವೂ ಅದರಲ್ಲಿ ನಮೂದಾಗಿರುತ್ತವೆ. ಆದರೆ ಗುಂಡಿಯ ಬದಿಗಳಿಗೆ ಕೊಡುವ ಹಲಗೆ ಆಸರೆ, ಸಾರವೆಯ ಕಟಕಟೆ, ತೆರೆದ ಅಂಚುಗಳ ತಡೆ, ಕೆಲಸಗಾರರ ಹೆಲ್ಮೆಟ್ ಇವುಗಳಿಗೆ ಯಾವುದೇ ಬಾಬು ಕಾಣುವುದಿಲ್ಲ. ದರದಲ್ಲಿ ಸೇರದ ಕೆಲಸ ಸ್ಥಳದಲ್ಲಿಯೂ ನಡೆಯುವುದಿಲ್ಲ. ಇದಲ್ಲದೆ ಸೆಂಟ್ರಿಂಗ್ ಶೀಟು ಮತ್ತು ಪ್ರಾಪ್ ಕಂಬಗಳನ್ನು ದಿನದ ಬಾಡಿಗೆಗೆ ತಂದಿದ್ದರೆ, ಅವುಗಳನ್ನು ಎಷ್ಟು ಬೇಗ ಬಿಚ್ಚಿದರೆ ಗುತ್ತಿಗೆದಾರರಿಗೆ ಅಷ್ಟು ಉಳಿತಾಯ. ಅಂದರೆ ಒಪ್ಪಂದದ ಸ್ವರೂಪವೇ ಅಪಾಯದ ಕಡೆಗೆ ತಳ್ಳುವಂತಿರುತ್ತದೆ.

ಆದುದರಿಂದ ಅಪಾಯ ನಿಯಂತ್ರಣವನ್ನು ಒಪ್ಪಂದ ಪತ್ರ ಬರೆಯುವ ದಿನವೇ ಆರಂಭಿಸತಕ್ಕದ್ದು. ಮೇಲ್ಕಂಡ ಬಾಬುಗಳಿಗೆ ಪ್ರತ್ಯೇಕ ಮೊತ್ತವನ್ನು ನಮೂದಿಸಿ, ಅವುಗಳನ್ನು ಚೌಕಾಸಿಯಿಂದ ಹೊರಗಿಡುವುದು ಸೂಕ್ತ. ಸೆಂಟ್ರಿಂಗ್ ಬಿಚ್ಚುವ ದಿನಾಂಕವನ್ನು ಎಂಜಿನಿಯರ್ ಲಿಖಿತವಾಗಿ ತಿಳಿಸಬೇಕೆಂಬ ಷರತ್ತನ್ನೂ, ಅಲ್ಲಿಯವರೆಗಿನ ಬಾಡಿಗೆ ಯಾರದೆಂಬುದನ್ನೂ ಸೇರಿಸಬೇಕು. ಹೆಲ್ಮೆಟ್ ಮತ್ತು ಬೂಟು ಅಗತ್ಯವೇ ಆದರೂ ಅವು ಕೊನೆಯ ರಕ್ಷಣೆ. ಮೊದಲು ಅಪಾಯವನ್ನೇ ತೆಗೆದುಹಾಕಲು ಸಾಧ್ಯವೇ ಎಂದು ಪರಿಶೀಲಿಸಬೇಕು. ಸಾಧ್ಯವಿಲ್ಲದಿದ್ದಲ್ಲಿ ತಡೆ ಅಥವಾ ಆಸರೆ ಒದಗಿಸಬೇಕು. ನಂತರ ಕೆಲಸದ ಕ್ರಮವನ್ನು ಬದಲಿಸಬೇಕು. ಮಣ್ಣಿನಡಿ ಸಿಲುಕಿದವನಿಗೆ ಹೆಲ್ಮೆಟ್‌ನಿಂದ ಪ್ರಯೋಜನವಿಲ್ಲ.

ಪಾಯ ಮತ್ತು ನೆಲಮಾಳಿಗೆಯ ಅಗೆತ

ಒಂದು ಘನ ಮೀಟರ್ ಮಣ್ಣಿನ ತೂಕ ಸುಮಾರು ಒಂದೂವರೆ ಟನ್‌ಗಿಂತ ಹೆಚ್ಚು. ಎದೆಯ ಮಟ್ಟದವರೆಗೆ ಮಣ್ಣು ಕುಸಿದರೂ ಉಸಿರಾಟ ನಿಲ್ಲಬಹುದು. ತಲೆ ಹೊರಗಿದೆ ಎಂದ ಮಾತ್ರಕ್ಕೆ ವ್ಯಕ್ತಿ ಸುರಕ್ಷಿತವಲ್ಲ. ಕುಸಿತ ಕ್ಷಣಮಾತ್ರದಲ್ಲಿ ಆಗುವುದರಿಂದ ಓಡಿ ಹೊರಬರುವ ಅವಕಾಶ ಇರುವುದಿಲ್ಲ.

ಬೆಂಗಳೂರು ಮತ್ತು ಸುತ್ತಲಿನ ಜಿಲ್ಲೆಗಳ ಕೆಮ್ಮಣ್ಣು ಒಣಗಿದ್ದಾಗ ಗೋಡೆಯಂತೆ ನೇರವಾಗಿ ನಿಲ್ಲುತ್ತದೆ. ಇದನ್ನು ಕಂಡು ಆಸರೆ ಬೇಡವೆಂದು ಮೇಸ್ತ್ರಿಗಳು ಹೇಳುವುದುಂಟು. ಒಂದು ರಾತ್ರಿಯ ಮಳೆಗೆ ಅದೇ ಮಣ್ಣು ತನ್ನ ಬಿಗಿಯನ್ನು ಕಳೆದುಕೊಳ್ಳುತ್ತದೆ. ಉತ್ತರ ಕರ್ನಾಟಕದ ಕಪ್ಪು ಎರೆಮಣ್ಣು ಬೇಸಿಗೆಯಲ್ಲಿ ಬಿರಿದು, ನೀರು ಕುಡಿದಾಗ ಉಬ್ಬುತ್ತದೆ. ಬಿರುಕಿನಲ್ಲಿ ಇಳಿದ ನೀರು ಗುಂಡಿಯ ಬದಿಯನ್ನು ಒಳಗೆ ತಳ್ಳುತ್ತದೆ. ಹಿಂದೆ ಗುಂಡಿ ತೋಡಿ ಮುಚ್ಚಿದ ಜಾಗ, ಕೆರೆಯಂಗಳದ ಅಥವಾ ತುಂಬಿಸಿದ ಮಣ್ಣಿನ ನಿವೇಶನಗಳಲ್ಲಿ ಯಾವ ಋತುವಿನಲ್ಲೂ ಮಣ್ಣನ್ನು ನಂಬುವಂತಿಲ್ಲ.

ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆ ಷರತ್ತುಗಳಲ್ಲಿ ಸೇರಿರುವ ಸುರಕ್ಷತಾ ಸಂಹಿತೆಯ ಅಳತೆಗಳು ಮನೆ ಕಟ್ಟುವವರಿಗೂ ಉಪಯುಕ್ತವಾಗಿವೆ. 1.5 ಮೀಟರ್ ಅಂದರೆ ಸುಮಾರು 5 ಅಡಿ ಅಥವಾ ಅದಕ್ಕಿಂತ ಆಳದ ಅಗೆತದ ಬದಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಮಾಡಬೇಕು ಅಥವಾ ಮರದ ಆಸರೆಯಿಂದ ಭದ್ರಪಡಿಸಬೇಕು. ಅಗೆದ ಮಣ್ಣನ್ನು ಅಂಚಿನಿಂದ 1.5 ಮೀಟರ್ ಅಥವಾ ಆಳದ ಅರ್ಧದಷ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರದಲ್ಲಿ ಹಾಕಬೇಕು. 1.2 ಮೀಟರ್‌ಗಿಂತ ಆಳದ ಕಾಲುವೆಯಲ್ಲಿ ಪ್ರತಿ 30 ಮೀಟರ್ ಉದ್ದಕ್ಕೆ ಕನಿಷ್ಠ ಒಂದು ಏಣಿ ಇರಬೇಕು ಮತ್ತು ಅದು ನೆಲಮಟ್ಟದಿಂದ 90 ಸೆಂ.ಮೀ. ಮೇಲಕ್ಕೆ ಚಾಚಿರಬೇಕು. ಅಗೆತವು ಮೇಲಿನಿಂದ ಕೆಳಕ್ಕೆ ನಡೆಯಬೇಕು. ಬುಡವನ್ನು ಕೊರೆದು ಮೇಲಿನ ಮಣ್ಣನ್ನು ತಾನಾಗಿ ಬೀಳಿಸುವ ಪದ್ಧತಿಯನ್ನು ಯಾವ ಸಂದರ್ಭದಲ್ಲೂ ಅನುಸರಿಸಬಾರದು. ಕಿರಿದಾದ ನಿವೇಶನಗಳಲ್ಲಿ ಮಣ್ಣು ಹಾಕಲು ಜಾಗವೇ ಇಲ್ಲವೆಂಬ ಮಾತು ನಿಜ. ಅಂತಹ ಕಡೆ ಮಣ್ಣನ್ನು ಅಂದಂದೇ ಸಾಗಿಸುವ ವೆಚ್ಚವನ್ನು ಅಂದಾಜಿನಲ್ಲಿ ಸೇರಿಸಿಕೊಳ್ಳಬೇಕೇ ಹೊರತು ಅಂಚಿನಲ್ಲಿ ಗುಡ್ಡೆ ಹಾಕಬಾರದು.

ಪಕ್ಕದ ಮನೆಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ಹಳೆಯ ಮನೆಗಳ ಕಲ್ಲುಕಟ್ಟಡದ ಪಾಯ ಹಲವೆಡೆ ಮೂರು ನಾಲ್ಕು ಅಡಿಗೆ ಮುಗಿಯುತ್ತದೆ. ವಾಹನ ನಿಲುಗಡೆಗೆಂದು ಪಕ್ಕದಲ್ಲಿ ಹತ್ತು ಅಡಿ ಅಗೆದಾಗ ಆ ಪಾಯದ ಕೆಳಗಿನ ಮಣ್ಣು ಒಂದು ಕಡೆ ಬಯಲಾಗುತ್ತದೆ. ಇಂತಹ ಸ್ಥಳದಲ್ಲಿ ಇಡೀ ಗಡಿಯನ್ನು ಒಂದೇ ದಿನ ಜೆಸಿಬಿಯಿಂದ ತೆಗೆಯದೆ, ಸ್ಟ್ರಕ್ಚರಲ್ ಎಂಜಿನಿಯರ್ ಅವರ ನಕ್ಷೆಯಂತೆ ಸಣ್ಣ ಸಣ್ಣ ಭಾಗಗಳಾಗಿ, ಒಂದನ್ನು ಬಿಟ್ಟು ಒಂದರಂತೆ ಅಗೆದು, ತಡೆಗೋಡೆ ಕಟ್ಟಿದ ನಂತರವೇ ಮುಂದುವರಿಯಬೇಕು. ಕೆಲಸ ಆರಂಭಿಸುವ ಮುನ್ನ ನೆರೆಯವರ ಸಮಕ್ಷಮದಲ್ಲಿ ಅವರ ಗೋಡೆಗಳ ಛಾಯಾಚಿತ್ರಗಳನ್ನು ದಿನಾಂಕ ಸಹಿತ ತೆಗೆದಿಡುವುದರಿಂದ ಹೊಸ ಬಿರುಕು ಯಾವುದು, ಹಳೆಯದು ಯಾವುದು ಎಂಬ ಬಗ್ಗೆ ವಿವಾದ ಉಂಟಾಗುವುದಿಲ್ಲ.

ಅಪಾಯದ ಮುನ್ಸೂಚನೆಗಳನ್ನು ಪ್ರತಿ ಬೆಳಿಗ್ಗೆ ಹಾಗೂ ಪ್ರತಿ ಮಳೆಯ ನಂತರ ನೋಡಬೇಕು. ಅಂಚಿಗೆ ಸಮಾನಾಂತರವಾಗಿ ನೆಲದಲ್ಲಿ ಸೀಳು, ಬದಿಯಿಂದ ಪುಡಿ ಮಣ್ಣು ಉದುರುವುದು, ಬುಡದಲ್ಲಿ ನೀರು ಜಿನುಗುವುದು, ಪಕ್ಕದ ಗೋಡೆಯಲ್ಲಿ ಓರೆ ಬಿರುಕು, ನೆರೆಮನೆಯ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು – ಇವುಗಳಲ್ಲಿ ಒಂದು ಕಂಡರೂ ಎಲ್ಲರನ್ನೂ ಮೇಲಕ್ಕೆ ಕರೆದು, ಎಂಜಿನಿಯರ್ ಬಂದು ನೋಡುವವರೆಗೆ ಕೆಲಸ ನಿಲ್ಲಿಸತಕ್ಕದ್ದು.

ಸಾರವೆ, ಏಣಿ ಮತ್ತು ತೆರೆದ ಅಂಚುಗಳು

ಬೀಳಲು ಬಹುಮಹಡಿ ಕಟ್ಟಡವೇ ಬೇಕೆಂದಿಲ್ಲ. ಮೊದಲ ಅಂತಸ್ತಿನಿಂದ ಬಿದ್ದರೂ ಸಾವು ಸಂಭವಿಸಬಹುದು. ಸಾರವೆಯ ನಡೆಹಲಗೆಗಳು ಸಂದಿಲ್ಲದಂತೆ ಕೂಡಿರಬೇಕು, ಎರಡೂ ತುದಿಗಳಲ್ಲಿ ಕಟ್ಟಿರಬೇಕು. ಸಾರವೆಯನ್ನು ಕಟ್ಟಡದ ಗೋಡೆಗೆ ಬಿಗಿಯದೆ ಕೇವಲ ನೆಲದ ಮೇಲೆ ನಿಲ್ಲಿಸಬಾರದು. 3.6 ಮೀಟರ್‌ಗಿಂತ ಎತ್ತರದ ಸಾರವೆಗೆ ಕನಿಷ್ಠ 90 ಸೆಂ.ಮೀ. ಎತ್ತರದ ಕಟಕಟೆ ಇರಬೇಕೆಂದು ಮೇಲೆ ಹೇಳಿದ ಸಂಹಿತೆ ತಿಳಿಸುತ್ತದೆ. ಏಣಿಯನ್ನು ನಾಲ್ಕಕ್ಕೆ ಒಂದರ ಪ್ರಮಾಣದಲ್ಲಿ ಒರಗಿಸಬೇಕು: 12 ಅಡಿ ಎತ್ತರಕ್ಕೆ ಒರಗಿಸಿದ ಏಣಿಯ ಬುಡ ಗೋಡೆಯಿಂದ 3 ಅಡಿ ದೂರದಲ್ಲಿರಬೇಕು.

ಮೆಟ್ಟಿಲ ಬಾವಿ, ಲಿಫ್ಟ್ ಜಾಗ ಮತ್ತು ಕೊಳವೆಗಳ ಡಕ್ಟ್‌ಗೆ ಬಿಟ್ಟ ರಂಧ್ರಗಳ ಮೇಲೆ ಪ್ಲೈವುಡ್ ತುಂಡೊಂದನ್ನು ಸುಮ್ಮನೆ ಇಡುವುದು ಸಾಮಾನ್ಯ ರೂಢಿ. ಇದು ತೆರೆದ ರಂಧ್ರಕ್ಕಿಂತ ಅಪಾಯಕರ. ಹಲಗೆ ಬೇಕಾದ ಕೆಲಸಗಾರ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಂದು ಹೆಜ್ಜೆ ಮುಂದಿಡುತ್ತಾನೆ. ಕಾಲಡಿಯ ರಂಧ್ರ ಹಲಗೆಯ ಮರೆಯಲ್ಲಿ ಕಾಣುವುದಿಲ್ಲ. ಮುಚ್ಚಳವನ್ನು ಮೊಳೆಯಿಂದ ಬಿಗಿದು, ಕೆಂಪು ಬಣ್ಣದಲ್ಲಿ ಗುರುತು ಮಾಡಬೇಕು.

ಸೆಂಟ್ರಿಂಗ್ ಬಿಚ್ಚುವ ಅವಧಿ

ಕಾಂಕ್ರೀಟ್ ಗಟ್ಟಿಯಾಗಿ ಕಾಣುವುದಕ್ಕೂ ಭಾರ ಹೊರುವುದಕ್ಕೂ ವ್ಯತ್ಯಾಸವಿದೆ. ಭಾರತೀಯ ಮಾನಕ ಐಎಸ್ 456:2000 ಪ್ರಕಾರ, 4.5 ಮೀಟರ್‌ವರೆಗಿನ ಸ್ಪ್ಯಾನ್ ಉಳ್ಳ ಸ್ಲ್ಯಾಬ್‌ನ ಪ್ರಾಪ್‌ಗಳನ್ನು 7 ದಿನಗಳ ಮುಂಚೆ, ಅದಕ್ಕಿಂತ ಹೆಚ್ಚಿನ ಸ್ಪ್ಯಾನ್ ಇದ್ದಲ್ಲಿ 14 ದಿನಗಳ ಮುಂಚೆ ತೆಗೆಯುವಂತಿಲ್ಲ. ತೊಲೆಗಳಿಗೆ 6 ಮೀಟರ್‌ವರೆಗೆ 14 ದಿನ, ಅದಕ್ಕೂ ಮೀರಿದಲ್ಲಿ 21 ದಿನ. ಈ ಅವಧಿಗಳು ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಮತ್ತು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಾಗದ ಉಷ್ಣಾಂಶಕ್ಕೆ ಅನ್ವಯಿಸುತ್ತವೆ. ಈಗ ಮನೆಗಳಿಗೆ ಹೆಚ್ಚಾಗಿ ಬಳಕೆಯಾಗುವ ಹಾರುಬೂದಿ ಮಿಶ್ರಿತ ಪಿಪಿಸಿ ಸಿಮೆಂಟು ಆರಂಭದಲ್ಲಿ ನಿಧಾನವಾಗಿ ಬಲ ಪಡೆಯುವುದರಿಂದ ಎಂಜಿನಿಯರ್ ಹೆಚ್ಚಿನ ದಿನಗಳನ್ನು ಸೂಚಿಸಬಹುದು. ಅದನ್ನು ಗುತ್ತಿಗೆದಾರರೊಡನೆ ಚರ್ಚಿಸಿ ಕಡಿತಗೊಳಿಸಬಾರದು. ಮೇಲಿನ ಅಂತಸ್ತಿಗೆ ಕಾಂಕ್ರೀಟ್ ಹಾಕುವಾಗ ಅದರ ಹಸಿ ಭಾರವನ್ನು ಕೆಳಗಿನ ಸ್ಲ್ಯಾಬ್ ಹೊರಬೇಕಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮಂಜೂರಾದ ನಕ್ಷೆಗಿಂತ ಒಂದು ಅಂತಸ್ತು ಹೆಚ್ಚು ಏರಿಸುವುದನ್ನು ಅನೇಕರು ದಂಡ ಕಟ್ಟಿ ಮುಗಿಸಬಹುದಾದ ವಿಷಯವೆಂದು ಭಾವಿಸುತ್ತಾರೆ. ಪಾಯ ಮತ್ತು ಕಂಬಗಳು ನಿಗದಿತ ಭಾರಕ್ಕೆ ಮಾತ್ರ ವಿನ್ಯಾಸಗೊಂಡಿರುತ್ತವೆ. ದಂಡದ ರಸೀದಿಯಿಂದ ಅವುಗಳ ಬಲ ಹೆಚ್ಚುವುದಿಲ್ಲ. 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ಮತ್ತು 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡಗಳು ಕುಸಿದು ಜೀವಹಾನಿ ಸಂಭವಿಸಿದ್ದನ್ನು ಇಲ್ಲಿ ನೆನಪಿಸಬಹುದು. ನಿರ್ಮಾಣ ಹಂತದಲ್ಲಿರುವ ಕಟ್ಟಡದೊಳಗೆ ಕಾರ್ಮಿಕ ಕುಟುಂಬಗಳನ್ನು ಮಲಗಿಸುವ ರೂಢಿಯನ್ನು ಮಾಲೀಕರು ಕೈಬಿಡಬೇಕು.

ವಿದ್ಯುತ್ ತಂತಿ ಮತ್ತು ತಾತ್ಕಾಲಿಕ ಸಂಪರ್ಕ

11 ಕಿಲೋವೋಲ್ಟ್ ಮಾರ್ಗದಿಂದ ಕಟ್ಟಡಕ್ಕೆ ಅಡ್ಡಲಾಗಿ 1.2 ಮೀಟರ್, ಮೇಲ್ಮುಖವಾಗಿ 3.7 ಮೀಟರ್ ಅಂತರ ಇರಬೇಕು. ಆದರೆ ಇದು ಪೂರ್ಣಗೊಂಡ ಕಟ್ಟಡದ ಅಂತರ. ಮಾರುಕಟ್ಟೆಯಿಂದ ಬರುವ ಕಬ್ಬಿಣದ ಸರಳು 12 ಮೀಟರ್ ಉದ್ದವಿರುತ್ತದೆ. ಮಹಡಿಯ ಮೇಲೆ ಅದನ್ನು ತಿರುಗಿಸುವಾಗ ಒಂದು ತುದಿ ಈ ಅಂತರವನ್ನು ಸುಲಭವಾಗಿ ದಾಟುತ್ತದೆ. ಅಲ್ಯೂಮಿನಿಯಂ ಏಣಿಯ ವಿಷಯವೂ ಇಷ್ಟೇ. ಮಾರ್ಗ ಸಮೀಪವಿದ್ದಲ್ಲಿ ಸರಳುಗಳನ್ನು ಕೆಳಗೇ ಕತ್ತರಿಸಿ ಸಾಗಿಸಬೇಕು ಮತ್ತು ಸಂಬಂಧಿಸಿದ ವಿದ್ಯುತ್ ಸರಬರಾಜು ಕಂಪನಿಗೆ ಮುಂಚಿತವಾಗಿ ಅರ್ಜಿ ಸಲ್ಲಿಸಿ ಮಾರ್ಗ ಸ್ಥಳಾಂತರಕ್ಕೆ ಅಥವಾ ಕೆಲಸದ ಅವಧಿಯಲ್ಲಿ ಪೂರೈಕೆ ಕಡಿತಕ್ಕೆ ಕೋರಬೇಕು.

ನೆರೆಮನೆಯಿಂದ ತಂತಿ ಎಳೆದು, ಪ್ಲಗ್ ಇಲ್ಲದೆ ಬರಿ ತುದಿಗಳನ್ನು ಸಾಕೆಟ್‌ಗೆ ಸಿಕ್ಕಿಸಿ ವೈಬ್ರೇಟರ್ ಅಥವಾ ಕಟಿಂಗ್ ಯಂತ್ರ ನಡೆಸಬಾರದು. ತಾತ್ಕಾಲಿಕ ಸಂಪರ್ಕ ಪಡೆದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಅಳವಡಿಸಬೇಕು. ಕ್ಯೂರಿಂಗ್ ನೀರು ನಿಂತ ನೆಲದಲ್ಲಿ ಇದು ಜೀವ ಉಳಿಸುವ ಸಾಧನ.

ಸಂಪಿನೊಳಗಿನ ಗಾಳಿ

ಹೊಸ ಸಂಪಿನ ಮೇಲ್ಛಾವಣಿಗೆ ಕಾಂಕ್ರೀಟ್ ಹಾಕಿ, ಹಲವು ದಿನ ಮುಚ್ಚಿಟ್ಟು, ನಂತರ ಒಳಗಿನ ಸೆಂಟ್ರಿಂಗ್ ಹಲಗೆ ಬಿಚ್ಚಲು ಕೆಲಸಗಾರರನ್ನು ಇಳಿಸಲಾಗುತ್ತದೆ. ಹೊಸ ಸಂಪಾದ್ದರಿಂದ ಕೆಟ್ಟ ಗಾಳಿ ಇರಲಾರದೆಂಬ ಭಾವನೆ ತಪ್ಪು. ನೀರಿನಲ್ಲಿ ನೆನೆದ ಮರ ಕೊಳೆಯುವಾಗ ಒಳಗಿನ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಗಾಳಿಯಲ್ಲಿ ಸಾಮಾನ್ಯವಾಗಿ ಶೇ. 20.9ರಷ್ಟಿರುವ ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆಯಾದಾಗ ಅಪಾಯಕರವೆಂದು ಪರಿಗಣಿಸಲಾಗುತ್ತದೆ. ವಾಸನೆಯೂ ಇರುವುದಿಲ್ಲ, ಉಸಿರು ಕಟ್ಟುವ ಅನುಭವವೂ ಆಗದೆ ವ್ಯಕ್ತಿ ಪ್ರಜ್ಞೆ ತಪ್ಪಬಹುದು. ಅವನನ್ನು ಎತ್ತಲು ಎರಡನೆಯವನು, ಅವನ ಹಿಂದೆ ಮೂರನೆಯವನು ಇಳಿಯುವುದರಿಂದ ಇಂತಹ ಅಪಘಾತಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಮೃತಪಡುತ್ತಾರೆ. ಮುಚ್ಚಳ ತೆರೆದು, ಬ್ಲೋವರ್‌ನಿಂದ ಹೊರಗಿನ ಗಾಳಿಯನ್ನು ಸಾಕಷ್ಟು ಹೊತ್ತು ಊದಿ, ಮಾಪಕದಿಂದ ಪರೀಕ್ಷಿಸಿ, ಸೊಂಟಪಟ್ಟಿಗೆ ಹಗ್ಗ ಕಟ್ಟಿ, ಮೇಲೆ ಒಬ್ಬರು ನಿಂತ ನಂತರವೇ ಇಳಿಯಬೇಕು. ದೀಪ ಅಥವಾ ಮೇಣದಬತ್ತಿ ಇಳಿಬಿಟ್ಟು ನೋಡುವ ಪದ್ಧತಿ ನಂಬಲರ್ಹವಲ್ಲ. ಡೀಸೆಲ್ ಅಥವಾ ಪೆಟ್ರೋಲ್ ಪಂಪನ್ನು ಸಂಪಿನೊಳಗೆ ಇಳಿಸಿ ಚಾಲನೆ ಮಾಡಕೂಡದು.

ರಸ್ತೆಯಲ್ಲಿ ಹೋಗುವವರು

2023ರ ಜನವರಿ 10ರಂದು ಬೆಂಗಳೂರಿನ ನಾಗವಾರ ಬಳಿ ಮೆಟ್ರೊ ಕಂಬಕ್ಕಾಗಿ ನಿಲ್ಲಿಸಿದ್ದ ಕಬ್ಬಿಣದ ಸರಳುಗಳ ಪಂಜರ ರಸ್ತೆಗೆ ಉರುಳಿ, ದ್ವಿಚಕ್ರ ವಾಹನದಲ್ಲಿ ಸಾಗುತ್ತಿದ್ದ ತಾಯಿ ಮತ್ತು ಮಗು ಮೃತಪಟ್ಟರು. ಮನೆಯ ಕಂಬದ ಸರಳುಗಳೂ ಆಸರೆಯಿಲ್ಲದೆ ನಿಂತಾಗ ಇದೇ ರೀತಿ ವಾಲಬಲ್ಲವು. ರಸ್ತೆಯ ಬದಿಗೆ ಹಸಿರು ಬಲೆ ಹಾಗೂ ತಗಡಿನ ತಡೆ, ರಾತ್ರಿ ದೀಪ, ಬಯಲಾದ ಸಂಪಿಗೆ ಮುಚ್ಚಳ ಇವು ಮಾಲೀಕರ ಜವಾಬ್ದಾರಿ.

ಕಾನೂನು ಮತ್ತು ನೋಂದಣಿ

1996ರ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆಯ ವಿಷಯಗಳನ್ನು ಒಳಗೊಂಡಿರುವ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020, ದಿನಾಂಕ 21-11-2025ರಿಂದ ಜಾರಿಗೆ ಬಂದಿದೆ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಕಾಮಗಾರಿಗಳು ಸಾಮಾನ್ಯವಾಗಿ ಇದರ ವ್ಯಾಪ್ತಿಗೆ ಬರುವುದಿಲ್ಲ. ಹಾಗೆಂದು ಹೊಣೆಗಾರಿಕೆ ಇಲ್ಲವೆಂದು ತಿಳಿಯಬಾರದು. ಕಟ್ಟಡ ಕಟ್ಟುವಾಗ, ದುರಸ್ತಿ ಮಾಡುವಾಗ ಅಥವಾ ಕೆಡವುವಾಗ ತೋರುವ ನಿರ್ಲಕ್ಷ್ಯವು ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 290ರಡಿ ಅಪರಾಧವಾಗಿದ್ದು, ನಿರ್ಲಕ್ಷ್ಯದಿಂದ ಸಾವು ಸಂಭವಿಸಿದಲ್ಲಿ ಕಲಂ 106 ಅನ್ವಯವಾಗುತ್ತದೆ. ಇವು ಕೆಲಸಗಾರರ ಸಂಖ್ಯೆಯನ್ನು ಅವಲಂಬಿಸಿಲ್ಲ.

ರಾಜ್ಯದಲ್ಲಿ ನಿರ್ಮಾಣ ವೆಚ್ಚದ ಶೇ. 1ರಂತೆ ಸಂಗ್ರಹವಾಗುವ ಸೆಸ್ ಹಣದಿಂದ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯು ಅಪಘಾತ ಪರಿಹಾರ, ವೈದ್ಯಕೀಯ ಸಹಾಯಧನ ಮೊದಲಾದ ಸೌಲಭ್ಯಗಳನ್ನು ನೋಂದಾಯಿತ ಕಾರ್ಮಿಕರಿಗೆ ನೀಡುತ್ತದೆ. 18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿದವರು ನೋಂದಣಿಗೆ ಅರ್ಹರು. ಕೆಲಸಕ್ಕೆ ಸೇರಿಸಿಕೊಳ್ಳುವ ದಿನವೇ ಗುರುತಿನ ಚೀಟಿ ಇದೆಯೇ, ನವೀಕರಣವಾಗಿದೆಯೇ ಎಂದು ಕೇಳಿ, ಇಲ್ಲದವರಿಗೆ 90 ದಿನಗಳ ಕೆಲಸದ ದೃಢೀಕರಣ ದೊರೆಯಲು ಮಾಲೀಕರು ಸಹಕರಿಸಬೇಕು. ಮಾಹಿತಿಗಾಗಿ ಕಾರ್ಮಿಕ ಸಹಾಯವಾಣಿ 155214.

ಅಪಘಾತ ಸಂಭವಿಸಿದಲ್ಲಿ

ಆಂಬುಲೆನ್ಸ್‌ಗೆ 108, ಪೊಲೀಸ್ ಮತ್ತು ಅಗ್ನಿಶಾಮಕ ನೆರವಿಗೆ 112, ವಿದ್ಯುತ್ ಅಪಘಾತವಾದಲ್ಲಿ 1912 ಸಂಖ್ಯೆಗೆ ಕರೆ ಮಾಡತಕ್ಕದ್ದು. ಮಣ್ಣಿನಡಿ ಸಿಲುಕಿದವರನ್ನು ಜೆಸಿಬಿಯಿಂದ ತೋಡಿ ತೆಗೆಯಲು ಯತ್ನಿಸಬಾರದು. ವಿದ್ಯುತ್ ತಗುಲಿದವರನ್ನು ಪೂರೈಕೆ ಕಡಿತವಾಗುವವರೆಗೆ ಮುಟ್ಟಬಾರದು. ಸಂಹಿತೆಯ ವ್ಯಾಪ್ತಿಗೆ ಬರುವ ಕಾಮಗಾರಿಗಳಲ್ಲಿ ಸಾವು ಅಥವಾ 48 ಗಂಟೆ ಕೆಲಸ ಮಾಡಲಾಗದಂತಹ ಗಾಯ ಸಂಭವಿಸಿದಲ್ಲಿ ಸಂಬಂಧಿಸಿದ ಅಧಿಕಾರಿಗಳಿಗೆ ಸೂಚನಾ ಪತ್ರ ಕಳುಹಿಸುವುದು ಕಡ್ಡಾಯ. ಗಾಯಾಳುವಿನ ಹೆಸರು ಹಾಜರಿ ಪುಸ್ತಕದಲ್ಲಿ ಇಲ್ಲದಿದ್ದರೆ ಆತ ಅಲ್ಲಿ ಕೆಲಸ ಮಾಡುತ್ತಿದ್ದನೆಂಬುದನ್ನು ಸಾಬೀತುಪಡಿಸಲು ಕುಟುಂಬದವರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಆದುದರಿಂದ ಪ್ರತಿ ದಿನದ ಹಾಜರಿ ಹಾಗೂ ಕೂಲಿ ಪಾವತಿಯನ್ನು ಕೆಲಸಗಾರರ ಸಹಿ ಅಥವಾ ಹೆಬ್ಬೆಟ್ಟಿನ ಗುರುತಿನೊಂದಿಗೆ ದಾಖಲಿಸಿ, ಪುಸ್ತಕದ ಒಂದು ಪ್ರತಿಯನ್ನು ಮಾಲೀಕರು ತಮ್ಮ ಬಳಿಯೂ ಇಟ್ಟುಕೊಳ್ಳತಕ್ಕದ್ದು.