ಕೆರೆಯ ತೂಬಿನಿಂದ ಬೀದಿಯ ವಾಲ್ವಿನವರೆಗೆ

ಹಂಪಿ ಸೀಮೆಯ ನೀರನ್ನು ಓದಲು ಹೊರದೇಶದವರು ಬರತೊಡಗಿದ್ದು ಕುಡಿಯುವ ನೀರಿನ ಚಿಂತೆಯಿಂದಲ್ಲ, ಕಲ್ಲಿನ ಮೋಹದಿಂದ. ಪುರಾತತ್ವಜ್ಞ ಜಾನ್ ಫ್ರಿಟ್ಸ್, ವಾಸ್ತುಶಿಲ್ಪ ಇತಿಹಾಸಕಾರ ಜಾರ್ಜ್ ಮಿಶೆಲ್ 1980ರಲ್ಲಿ ಹಂಪಿಯ ಅವಶೇಷಗಳ ಅಳತೆ ಕೆಲಸ ಶುರುಮಾಡಿದರು. ಆ ದಶಕದ ಕೊನೆಗೆ ಪುರಾತತ್ವಜ್ಞರಾದ ಕ್ಯಾಥ್ಲೀನ್ ಮಾರಿಸನ್ ಮತ್ತು ಕಾರ್ಲಾ ಸಿನೊಪೊಲಿ ಊರಾಚೆಯ ಹೊಲಗಳಲ್ಲಿ ಅಡ್ಡಾಡಿ ಕೆರೆ, ಕಾಲುವೆ, ಒಡ್ಡುಗಳನ್ನು ದಾಖಲಿಸಿದರು. ಸಂಡೂರಿನ ಗುಡ್ಡಗಳ ನೀರು ಹೊತ್ತು ನಾರಿಹಳ್ಳ ಇಳಿಯುವ ದರೋಜಿ ಕಣಿವೆಯ ಮೇಲೆ ಮಾರಿಸನ್ 2009ರಲ್ಲಿ ಒಂದು ಪುಸ್ತಕವನ್ನೇ ತಂದರು. ಮಳೆಯನ್ನೇ ನೆಚ್ಚಿದ ಎಷ್ಟೋ ಕೆರೆಗಳು ಕಟ್ಟಿಸಿದವರ ಕೀರ್ತಿಗೆ ಒದಗಿದಷ್ಟು ಬೆಳೆಗೆ ಒದಗಲಿಲ್ಲ ಎಂಬ ಅವರ ನಿಷ್ಠುರ ಮಾತು ನಮ್ಮ ಕೆರೆಪ್ರೇಮಿಗಳಿಗೆ ಅಷ್ಟಾಗಿ ರುಚಿಸದು.

ಕುಡಿಯುವ ನೀರು ವಿದ್ಯಾರ್ಥಿಗಳ ಪಾಠವಾದದ್ದು ತಡವಾಗಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಹುಟ್ಟಿದ ಅಗ್ವಾಕ್ಲಾರಾ ಯೋಜನೆಯಲ್ಲಿ ಪದವಿ ತರಗತಿಯವರೇ ಹೊಂಡುರಾಸ್‌ನ ಊರುಗಳಿಗಾಗಿ ಕರೆಂಟಿಲ್ಲದೆ ನಡೆಯುವ ಶುದ್ಧೀಕರಣ ಘಟಕಗಳ ನಕ್ಷೆ ಮಾಡಿದರು. ಆಗ ಎಲ್ಲರ ಕಣ್ಣೂ ಯಂತ್ರದ ಮೇಲೆ.

ಕರ್ನಾಟಕದಲ್ಲಿ ಸಂಶೋಧನೆಯ ದಿಕ್ಕು ಬದಲಾದದ್ದು ಹುಬ್ಬಳ್ಳಿ-ಧಾರವಾಡದಲ್ಲಿ. ವಿಶ್ವಬ್ಯಾಂಕ್ ನೆರವಿನಿಂದ ಕೆಲವು ವಾರ್ಡುಗಳಿಗೆ 24 ಗಂಟೆಯೂ ನೀರು ಬರತೊಡಗಿತು. ಉಳಿದವರಿಗೆ ಕೆಲವು ದಿನಕ್ಕೊಮ್ಮೆ. ಒಂದೇ ಊರಲ್ಲಿ ಎರಡು ಬಗೆಯ ನಲ್ಲಿ! ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಎಮಿಲಿ ಕುಂಪೆಲ್, ಪ್ರಾಧ್ಯಾಪಕಿ ಕಾರಾ ನೆಲ್ಸನ್ ಜೊತೆ 2013ರಲ್ಲಿ ಲೆಕ್ಕ ಕೊಟ್ಟರು: ಬಿಟ್ಟುಬಿಟ್ಟು ಬರುವ ನಲ್ಲಿಗಳ ಮಾದರಿಗಳಲ್ಲಿ ಶೇ. 31.7ರಷ್ಟರಲ್ಲಿ ಮಲದ ಸೋಂಕು ತೋರುವ ಇ-ಕೊಲೈ ಬ್ಯಾಕ್ಟೀರಿಯಾ, ಸದಾ ಬರುವ ನಲ್ಲಿಗಳಲ್ಲಿ ಶೇ. 0.7. ಆದರೆ ಮನೆಯೊಳಗೆ ತುಂಬಿಟ್ಟ ನೀರು ಎರಡೂ ಕಡೆ ನಲ್ಲಿಯ ನೀರಿಗಿಂತ ಕೆಟ್ಟಿತ್ತು. 2015ರಲ್ಲಿ ಆಯ್ಶೆ ಎರ್ಜುಮೆನ್ ಮತ್ತು ಸಂಗಡಿಗರು ಮಕ್ಕಳ ಆರೋಗ್ಯ ನೋಡಿದಾಗ ಸಾಮಾನ್ಯ ಭೇದಿಯಲ್ಲಿ ಅಂತರ ಕಾಣಲಿಲ್ಲ. ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಮಾತ್ರ ಕಡಿಮೆಯಿತ್ತು.

ಬರ್ಕ್ಲಿಯ ತರಗತಿ ಪ್ರಾಜೆಕ್ಟಿನಿಂದ ಬೆಳೆದ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ಹುಬ್ಬಳ್ಳಿಯಲ್ಲಿ ನೀರು ಬಿಡುವ ಮುನ್ನ ಮೊಬೈಲಿಗೆ ಮೆಸೇಜ್ ಕಳಿಸತೊಡಗಿತು. ಸುದ್ದಿ ಕೊಡಬೇಕಾದವರು ಬೀದಿಯ ವಾಲ್ವ್ ತೆರೆಯುವ ವಾಲ್ವ್‌ಮನ್‌ಗಳು. ಮುಂದೆ ಬೆಂಗಳೂರಿನಲ್ಲಿ ಸಂಶೋಧಕರಾದ ತನು ಕುಮಾರ್, ಆಲಿಸನ್ ಪೋಸ್ಟ್, ಇಶಾ ರೇ ಈ ಮೆಸೇಜ್ ಸೇವೆಯನ್ನು ಪರೀಕ್ಷೆಗೊಡ್ಡಿದಾಗ ಮನೆಗಳಿಗಾದ ಲಾಭ ಅಲ್ಪವೆಂದು ತಿಳಿಯಿತು. ಕೊಂಡಿ ಕಳಚಿದ್ದು ವಾಲ್ವ್‌ಮನ್ ಹತ್ತಿರವೇ. ಇಡೀ ಕ್ಷೇತ್ರದಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಈ ಫಲಿತಾಂಶಕ್ಕೆ. ಕಲ್ಲು, ಯಂತ್ರ, ಪೈಪು ದಾಟಿ ಸಂಶೋಧನೆ ಕೊನೆಗೂ ನೀರು ಬಿಡುವ ಮನುಷ್ಯನನ್ನು ಕಂಡಿತು.

ನೀರಿನ ಜೊತೆಗೇ ಬರುವ ಕಕ್ಕಸಿನ ಸಂಶೋಧನೆಯಲ್ಲಿ ನಾವು ಹಿಂದೆ. ಕಕ್ಕಸು ಕಟ್ಟಿಸಿಕೊಂಡವರೂ ಬಯಲಿಗೇಕೆ ಹೋಗುತ್ತಾರೆಂದು ಕೆದಕಿದ 2014ರ ಸ್ಕ್ವಾಟ್ ಸಮೀಕ್ಷೆ ಉತ್ತರದ ಐದು ರಾಜ್ಯಗಳದ್ದು, ಕರ್ನಾಟಕ ಅದರಲ್ಲಿಲ್ಲ.

ಸಂಡೂರು ತಾಲ್ಲೂಕಿನ ಬಂಡ್ರಿಯಂಥ ಊರಿಗೆ ಸದಾ ಬರುವ ನಲ್ಲಿಯೆಂಬ ಹುಬ್ಬಳ್ಳಿಯ ಉತ್ತರ ಹಾಗೇ ಹೊಂದದು. ಬಳ್ಳಾರಿ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡಿನ ಕಾಟವಿದೆ. ಕುಡಿಯುವ ನೀರಿನಲ್ಲಿ ಅದಕ್ಕೆ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ಕುದಿಸಿದರೆ ಅದು ಹೋಗುವುದಿಲ್ಲ. ಹಾಗಾಗಿ ಇಲ್ಲಿ ಕೇಳಬೇಕಾದ್ದು ಬೇರೆ: ಶುದ್ಧ ನೀರಿನ ಘಟಕ ಕೆಟ್ಟರೆ ರಿಪೇರಿಗೆ ಎಷ್ಟು ದಿನ, ನೀರಗಂಟಿ ಯಾವ ಓಣಿಗೆ ಮೊದಲು ನೀರು ಬಿಡುತ್ತಾನೆ, ಯಾಕೆ? ಇದನ್ನು ಕೇಳಲು ಹೊರದೇಶದ ವಿದ್ಯಾರ್ಥಿಗಳು ಬರಬಹುದಾದದ್ದು ರಜೆಯಲ್ಲಿ; ಅಮೆರಿಕದ ಕಾಲೇಜುಗಳಿಗೆ ದೊಡ್ಡ ರಜೆ ಹೆಚ್ಚಾಗಿ ಜೂನ್‌ನಿಂದ ಆಗಸ್ಟ್. ಆಗ ಬಂದವರಿಗೆ ಮಳೆಗಾಲದ ಕೊಳೆ ಕಾಣುತ್ತದೆ, ಬರ ಕಾಣುವುದಿಲ್ಲ. ಏಪ್ರಿಲ್-ಮೇನಲ್ಲಿ ಬೋರುಗಳು ಬತ್ತುವಾಗ ಅವರಲ್ಲಿ ಹೆಚ್ಚಿನವರು ಅಲ್ಲಿ ಪಾಠ, ಪರೀಕ್ಷೆಗಳಲ್ಲಿರುತ್ತಾರೆ. ಆ ಎರಡು ತಿಂಗಳ ಲೆಕ್ಕವನ್ನು ಸಂಡೂರು, ಹೊಸಪೇಟೆಯ ಪದವಿ ವಿದ್ಯಾರ್ಥಿಗಳೇ ಬರೆದಿಡಬೇಕು. ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರ ಹತ್ತಿರದಲ್ಲೇ ಇದೆ.